ಮಡಿಕೇರಿ ಕಡೆ ಹೊಸ ಮನೆಗೆ ಹಂಚೋ, ಶೀಟೋ, ತಾರಸಿಯೋ?

ಮಡಿಕೇರಿ ಹತ್ತಿರ 30×40 ಅಡಿಯ ಮನೆಗೆ ಮಂಗಳೂರು ಹಂಚು ಹಾಕಿಸುವುದೋ, ಶೀಟೋ, ಇಲ್ಲ ತಾರಸಿಯೇ ಸಾಕೋ ಎಂದು ಕೇಳಿದ್ದೀರಿ. ಕುಶಾಲನಗರದ ಕಡೆಯಾದರೆ ಮೂರೂ ನಡೆಯುತ್ತದೆ, ದುಡ್ಡು ನೋಡಿ ಆರಿಸಿಕೊಳ್ಳಿ ಎನ್ನಬಹುದಿತ್ತು. ಮಡಿಕೇರಿಯದು ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಅದೂ ಗಾಳಿಗೆ ಅಡ್ಡಡ್ಡ ಹೊಡೆಯುವಂಥದ್ದು. ಇಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಇಳಿಜಾರು.

ಹಂಚಿಗೆ 30 ಡಿಗ್ರಿಗಿಂತ ಕಡಿಮೆ ಬೇಡ. ಅಂದರೆ ಅಡಿಗೆ ಏಳು ಇಂಚು ಏರು. 30 ಅಡಿ ಅಗಲದ ಮನೆಗೆ ಮಾಡಿನ ನೆತ್ತಿಯು ಗೋಡೆಯ ಮೇಲ್ತುದಿಯಿಂದ ಸುಮಾರು ಎಂಟೂ ಮುಕ್ಕಾಲು ಅಡಿ ಮೇಲಿರುತ್ತದೆ. ಕಬ್ಬಿಣ ಉಳಿಸಲು ಇದನ್ನು ತಗ್ಗಿಸಿದರೆ ಕಕ್ಕಡದ (ಜುಲೈ–ಆಗಸ್ಟ್‌ನ ಮಳೆ ತಿಂಗಳು) ಗಾಳಿ ನೀರನ್ನು ಹಂಚಿನ ಸಂದಿಯೊಳಗೆ ಮೇಲ್ಮುಖವಾಗಿ ತಳ್ಳುತ್ತದೆ. ಆಮೇಲೆ ಎಷ್ಟು ಸಿಮೆಂಟು ಮೆತ್ತಿದರೂ ಸೋರುವುದು ನಿಲ್ಲುವುದಿಲ್ಲ.

ಲೆಕ್ಕ ಹೀಗೆ: ಸುತ್ತ ಮೂರಡಿ ಸೂರು ಬಿಟ್ಟರೆ 36×46 ಅಡಿ, ಇಳಿಜಾರಿಗಾಗಿ ಅದನ್ನು 1.155ರಿಂದ ಗುಣಿಸಿದರೆ ಸುಮಾರು 1,910 ಚದರಡಿ. ಚದರ ಮೀಟರಿಗೆ 15 ಹಂಚು ಹಿಡಿದು, ಒಡೆಯುವುದಕ್ಕೆಂದು ನೂರಕ್ಕೆ ಹತ್ತು ಸೇರಿಸಿದರೆ 2,900ರ ಆಸುಪಾಸು. ನೆತ್ತಿಯ ಹಂಚು ಬೇರೆ. ಒಂದೇ ಕಾರ್ಖಾನೆಯದನ್ನೇ ತನ್ನಿ, ಐವತ್ತು ಎತ್ತಿಡಿ. ಬೇರೆ ಕಡೆಯದು ಇದರ ಗಾಡಿಗೆ, ಅಂದರೆ ಹಂಚಿನ ಅಂಚಿನ ತೋಡಿಗೆ, ಕೂರುವುದಿಲ್ಲ. ಆರಿಸುವಾಗ ಬೆರಳಲ್ಲಿ ತಟ್ಟಿ ನೋಡಿ, ಠಣ್ ಎನ್ನಬೇಕು. ಒಂದೆರಡನ್ನು ತೂಗಿ, ಒಂದು ದಿನ ನೀರಲ್ಲಿಟ್ಟು ಮತ್ತೆ ತೂಗಿ. ತೂಕ ಕಡಿಮೆ ಏರಿದ್ದೇ ಒಳ್ಳೆಯದು.

ಹೆಚ್ಚು ಕೆಡುವುದು ರೀಪಿನ, ಅಂದರೆ ಹಂಚು ಕೂರುವ ಅಡ್ಡಪಟ್ಟಿಯ, ಅಂತರದಲ್ಲಿ. ಹಂಚು ಬರುವ ಮೊದಲೇ ವೆಲ್ಡರ್ ಅಂದಾಜಿನ ಮೇಲೆ ರೀಪು ಕೂರಿಸಿಬಿಡುತ್ತಾನೆ. ಹಾಗೆ ಬಿಡಬೇಡಿ. ಹತ್ತು ಹಂಚನ್ನು ನೆಲದ ಮೇಲೆ ಒಂದಕ್ಕೊಂದು ಕೂಡಿಸಿ, ಒಮ್ಮೆ ಪೂರ್ತಿ ಎಳೆದು, ಒಮ್ಮೆ ಒತ್ತಿ ಅಳೆದು, ಎರಡರ ಸರಾಸರಿಯನ್ನು ತೆಗೆದುಕೊಳ್ಳಿ. ಸುಮಾರು ಹನ್ನೆರಡೂವರೆ ಇಂಚು ಬರುತ್ತದೆ, ಆದರೆ ನಿಮ್ಮ ಹಂಚಿನ ಅಳತೆಯೇ ಪ್ರಮಾಣ. ಅಡಿಯಲ್ಲಿ ಸೀಲಿಂಗ್ ಹಂಚಿನ ಪದರವೂ ಇದ್ದರೆ ಎರಚಲು, ಮಂಜು ನೇರ ಒಳಗೆ ಬರುವುದಿಲ್ಲ.

ಮಂಗಗಳ ಕಾಟವಿದ್ದರೆ, ಅಥವಾ ಸಿಲ್ವರ್ ಓಕ್ ಕೊಂಬೆ ಮನೆ ಮೇಲೆ ಬಾಗಿದ್ದರೆ, ಹಂಚಿನ ಆಸೆ ಬಿಟ್ಟು ಬಣ್ಣದ ಶೀಟ್ ಹಾಕಿಸಿ. ದಪ್ಪ 0.5 ಮಿ.ಮೀ. ಇರಲಿ, ಅಡ್ಡಪಟ್ಟಿಗಳ ನಡುವೆ ನಾಲ್ಕಡಿಗಿಂತ ಹೆಚ್ಚು ಬೇಡ. ಚದರ ಮೀಟರಿಗೆ ಐದು ಕಿಲೋ ಒಳಗಿನ ತೂಕ. ಹಂಚಾದರೆ ಒಣಗಿದ್ದಾಗಲೇ 35 ಕಿಲೋ ದಾಟುತ್ತದೆ. ಶೀಟು ಹಗುರವಾದ್ದರಿಂದಲೇ ಅದನ್ನು ಗಾಳಿ ಎತ್ತುತ್ತದೆ, ಆದ್ದರಿಂದ ಟ್ರಸ್ಸನ್ನು (ಮಾಡನ್ನು ಹೊರುವ ಕಬ್ಬಿಣದ ಚೌಕಟ್ಟನ್ನು) ಗೋಡೆಯ ಮೇಲಿನ ಕಾಂಕ್ರೀಟ್ ಬೆಲ್ಟಿಗೆ ಬೋಲ್ಟ್ ಹಾಕಿ ಬಿಗಿಯಬೇಕು. ಸ್ಕ್ರೂ ಅಲೆಯ ಉಬ್ಬಿನ ಮೇಲೆ ಬರಲಿ, ತಗ್ಗಿನಲ್ಲಿ ಬೇಡ. ರಬ್ಬರ್ ವಾಷರ್ ಸ್ವಲ್ಪ ಚಪ್ಪಟೆಯಾದೊಡನೆ ನಿಲ್ಲಿಸಲಿ. ಅತಿಯಾಗಿ ಬಿಗಿದರೆ ಅದು ಬಿರುಕು ಬಿಟ್ಟು ಅಲ್ಲೇ ತೊಟ್ಟಿಕ್ಕುತ್ತದೆ. ಗ್ರೈಂಡರಿನಲ್ಲಿ ಕತ್ತರಿಸಿದ ಪುಡಿಯನ್ನು ಅಂದೇ ಗುಡಿಸಿಸಿ, ಬಿಟ್ಟರೆ ಬಿದ್ದಲ್ಲೆಲ್ಲ ತುಕ್ಕು. ಚಳಿಯಲ್ಲಿ ಶೀಟಿನ ಒಳಮೈ ಬೆವರಿ ಹನಿ ಬೀಳುತ್ತದೆ, ಮಳೆಯ ಸದ್ದಿಗಂತೂ ಟಿವಿ ಕೇಳಿಸುವುದಿಲ್ಲ. ಹಾಗಾಗಿ ಕೆಳಗೆ ಮುಚ್ಚಿಗೆ ಹಾಕಿಸಿ, ನಡುವೆ ಗಾಳಿಯಾಡಲು ಜಾಗ ಬಿಡಿಸಿ.

ಆಸ್ಬೆಸ್ಟಾಸ್ ಇರುವ ಸಿಮೆಂಟ್ ಶೀಟ್ ಅಗ್ಗವಾದರೂ ವಾಸದ ಮನೆಗೆ ಬೇಡ. ಕೊರೆದಾಗ, ಒಡೆದಾಗ ಏಳುವ ನಾರಿನ ಧೂಳು ಶ್ವಾಸಕೋಶಕ್ಕೆ ಹಾನಿ.

ಬರೀ ಚಪ್ಪಟೆ ತಾರಸಿಯ ಬಗ್ಗೆ ಹೇಳುವುದಾದರೆ, ನಮ್ಮ ಊರುಗಳಲ್ಲಿ ತಾರಸಿ ಮೇಲೆ ಮತ್ತೆ ಟ್ರಸ್ ಹಾಕಿ ಶೀಟ್ ಹೊದಿಸಿರುವ ಮನೆಗಳನ್ನು ಎಣಿಸಿ ನೋಡಿ. ಎರಡು ಛಾವಣಿಯ ಖರ್ಚು ಅದು. ಇಳಿಜಾರು ಕಾಂಕ್ರೀಟ್ ಹಾಕಿ ಅದರ ಮೇಲೆ ಹಂಚನ್ನು ಗಾರೆಯಲ್ಲಿ ಅಂಟಿಸುವುದೂ ಬೇಡ, ಗಾರೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲೂ ರೀಪು ಕೂರಿಸಿಯೇ ಹಂಚು ಹೊದಿಸಬೇಕು.

ನಕ್ಷೆ ಇನ್ನೂ ಅಂತಿಮವಾಗಿಲ್ಲದಿದ್ದರೆ ಎರಡು ಇಳಿಜಾರು ಕೂಡುವ ಮೂಲೆಗಳನ್ನು ಆದಷ್ಟು ತಪ್ಪಿಸಿ. ತಪ್ಪದಿದ್ದರೆ ಎರಡಡಿ ಅಗಲದ ಅಲ್ಯೂಮಿನಿಯಂ ತಗಡಿನ ದೋಣಿ (ನೀರು ಹರಿಯುವ ಕಾಲುವೆ) ಹಾಕಿಸಿ, ಪ್ರತಿ ವರ್ಷ ಮೇ ಮುಗಿಯುವುದರೊಳಗೆ ಅದರ ತರಗೆಲೆ ತೆಗೆಸಿ.