ಎಂಆರ್‌ಐನಲ್ಲಿ ಮೆನಿಸ್ಕಸ್ ಹರಿದಿದೆ ಅಂತ ಬಂದರೆ ಆಪರೇಷನ್ ಮಾಡಿಸಲೇಬೇಕಾ?

ನಿಮಗೆ 48 ವರ್ಷ. ಬಸ್ಸಿಳಿಯುವಾಗ ಮಂಡಿ ತಿರುಚಿತು, ಮಾರನೇ ದಿನ ಊದಿಕೊಂಡಿತು. ಒಳಬದಿಯ ಮೆನಿಸ್ಕಸ್ ಹರಿದಿದೆ ಅಂತ ಎಂಆರ್‌ಐ ಹೇಳುತ್ತಿದೆ, ಮುಂದಿನ ವಾರವೇ ಕೀಹೋಲ್ ಆಪರೇಷನ್ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವುದು) ಅಂದಿದ್ದಾರೆ. ಮಾಡಿಸಲೇಬೇಕಾ ಅಂತ ಕೇಳಿದ್ದೀರಿ. ನಾನು ಫಿಸಿಯೋಥೆರಪಿಸ್ಟ್, ಇಂಥ ಮಂಡಿಗಳ ಜೊತೆಯೇ ನನ್ನ ಕೆಲಸ. ಮಂಡಿ ಸಿಕ್ಕಿಹಾಕಿಕೊಳ್ಳುತ್ತಿಲ್ಲ ಅಂದರೆ ಇಷ್ಟು ಅವಸರ ಬೇಡ.

ತೊಡೆಮೂಳೆಗೂ ಕಣಕಾಲಿನ ಮೂಳೆಗೂ ನಡುವೆ ವಾಷರ್ ಥರ ಎರಡು ಮೆತ್ತೆಗಳಿವೆ, ಒಳಬದಿಗೊಂದು, ಹೊರಬದಿಗೊಂದು. ಇವೇ ಮೆನಿಸ್ಕಸ್. ಮೈಭಾರವನ್ನು ಹಂಚುವುದು ಇವುಗಳ ಕೆಲಸ. ಇವುಗಳ ಹೊರ ಅಂಚಿಗೆ ಮಾತ್ರ ರಕ್ತ ಹರಿಯುತ್ತದೆ. ಅಲ್ಲಿ ಹರಿದರೆ ಕೂಡಿಕೊಳ್ಳಬಹುದು, ಹೊಲಿಗೆಯೂ ಹಿಡಿಯುತ್ತದೆ. ಒಳ ಅಂಚು ತಾನಾಗಿ ಕೂಡುವುದು ಕಷ್ಟ. ಹಾಗಂತ ಕೂಡದಿದ್ದರೆ ನೋವು ಹೋಗಲ್ಲ ಅಂತೇನಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50 ದಾಟಿದವರ ಮಂಡಿಗಳನ್ನು ಎಂಆರ್‌ಐ ಮಾಡಿ ನೋಡಿದರು, 2008ರಲ್ಲಿ ಫಲಿತಾಂಶ ಬಂತು. ಮೆನಿಸ್ಕಸ್ ಹರಿದಿದ್ದವರಲ್ಲಿ 61% ಜನಕ್ಕೆ ಹಿಂದಿನ ತಿಂಗಳಲ್ಲಿ ನೋವೇ ಇರಲಿಲ್ಲ! ನಲವತ್ತು ದಾಟಿದ ಮೇಲೆ ಮೆತ್ತೆ ಸವೆದು ಹರಿಯುವುದು ಅಷ್ಟು ಸಾಮಾನ್ಯ.

ಇನ್ನೊಂದು ಅಧ್ಯಯನ ಫಿನ್ಲೆಂಡಿನದು, 2013ರದ್ದು. ಹೀಗೆ ಸವೆದು ಹರಿದಿದ್ದ 146 ಜನರಲ್ಲಿ ಅರ್ಧದಷ್ಟು ಮಂದಿಗೆ ಕೀಹೋಲ್ ಆಪರೇಷನ್ನಿನಲ್ಲಿ ಮೆತ್ತೆಯ ಹರಿದ ಭಾಗವನ್ನು ನಿಜವಾಗಿ ಕತ್ತರಿಸಿದರು. ಉಳಿದವರಿಗೆ ಒಳಗೆ ನೋಡಿ, ಕತ್ತರಿಸಿದಂತೆ ಮಾಡಿ ಕಳಿಸಿದರು. ಯಾರಿಗೆ ಏನು ಮಾಡಿದ್ದಾರೆ ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. ವರ್ಷದ ನಂತರ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕತ್ತರಿಸಿದ ಮೆತ್ತೆ ಮತ್ತೆ ಬೆಳೆಯಲ್ಲ, ಅದು ಕಡಿಮೆಯಾದಷ್ಟೂ ಮೂಳೆಯ ಮೇಲೆ ಭಾರ ಜಾಸ್ತಿ. ನಾನು ಒತ್ತಿ ಹೇಳುತ್ತಿರುವುದು ಇದಕ್ಕೇ.

ಆದರೆ ಕೆಲವು ಸಂದರ್ಭದಲ್ಲಿ ತಡಮಾಡಲೇಬಾರದು. ಮಂಡಿ ಅರ್ಧಕ್ಕೆ ಸಿಕ್ಕಿಕೊಂಡು ನೇರವಾಗುತ್ತಲೇ ಇಲ್ಲ ಅಂದರೆ, ಹರಿದ ತುಂಡು ಕೀಲಿನ ನಡುವೆ ಹೊರಳಿ ಕೂತಿರಬಹುದು. ಕಬಡ್ಡಿ ಆಡುವಾಗ ಬಿದ್ದ ಇಪ್ಪತ್ತರ ಹುಡುಗನಿಗೆ ಹೊಲಿಗೆ ಸಾಧ್ಯವಿದ್ದರೆ ಹೊಲಿಸುವುದೇ ಸರಿ, ಆಟಕ್ಕೆ ಮರಳಲು ತಿಂಗಳುಗಟ್ಟಲೆ ಹಿಡಿದರೂ. ಇನ್ನು ನಿಮ್ಮ ವಿಷಯ. ಬಸ್ಸಿಳಿಯುವಾಗ ಮಂಡಿಯ ಹಿಂದೆ 'ಟಕ್' ಅಂತ ಸದ್ದಾಯಿತಾ? ಹಾಗಿದ್ದರೆ ರಿಪೋರ್ಟಿನಲ್ಲಿ 'ರೂಟ್ ಟೇರ್' ಅಂತ ಇದೆಯಾ ನೋಡಿ. ಮೆತ್ತೆ ಬುಡದಲ್ಲೇ ಕಿತ್ತುಬಂದಿದ್ದರೆ ಲೆಕ್ಕವೇ ಬೇರೆ, ಮಂಡಿ ಬೇಗ ಸವೆಯುತ್ತದೆ. ಕೂಡಲೇ ಮೂಳೆ ಸರ್ಜನ್ ಹತ್ತಿರ ಇದನ್ನೇ ಕೇಳಿ.

ಇವು ಯಾವುವೂ ಇಲ್ಲ ಅಂದರೆ ಮೂರು ತಿಂಗಳು ವ್ಯಾಯಾಮ ಮಾಡಿ ನೋಡಿ. ಊತ ಬಂದ ಕೂಡಲೇ ತೊಡೆಯ ಸ್ನಾಯು ಸೋಲುತ್ತದೆ, ಮೊದಲು ಅದನ್ನು ಎಬ್ಬಿಸಬೇಕು. ಮಂಚದ ಮೇಲೆ ಕಾಲು ಚಾಚಿ ಕೂತು, ಟವೆಲ್ ಸುತ್ತಿ ಮಂಡಿಯ ಕೆಳಗಿಡಿ. ಟವೆಲನ್ನು ಮಂಡಿಯಿಂದ ಕೆಳಕ್ಕೆ ಒತ್ತಿ 5 ಸೆಕೆಂಡ್ ಹಿಡಿಯಿರಿ. ಮಂಡಿಚಿಪ್ಪಿಗಿಂತ ಸ್ವಲ್ಪ ಮೇಲೆ, ತೊಡೆಯ ಒಳಬದಿಯಲ್ಲಿ ಕೈಯಿಟ್ಟರೆ ಸ್ನಾಯು ಗಟ್ಟಿಯಾಗಿದ್ದು ತಿಳಿಯಬೇಕು. ತಿಳಿಯದಿದ್ದರೆ ನೀವು ಸೊಂಟದಿಂದ ಒತ್ತುತ್ತಿದ್ದೀರಿ ಅಂತ ಅರ್ಥ. ಹತ್ತು ಸಲ ಮಾಡಿ, ದಿನಕ್ಕೆ ಮೂರು ಹೊತ್ತು. ಮುಂದಿನ ವ್ಯಾಯಾಮಗಳನ್ನು ಹತ್ತಿರದ ಫಿಸಿಯೋ ಎದುರೇ ಕಲಿಯಿರಿ, ವಿಡಿಯೋ ನೋಡಿ ಬೇಡ. ಅಲ್ಲಿಯವರೆಗೆ ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು ಬಿಡಿ, ಕಮೋಡ್ ಬಳಸಿ. ಹಾಗಂತ ಸುಮ್ನೆ ಮಲಗಿಬಿಡಬೇಡಿ, ಸಮತಟ್ಟು ನೆಲದಲ್ಲಿ ನೋವು ಏರದಷ್ಟು ನಡೆಯಿರಿ. ಮೂರು ತಿಂಗಳಾದರೂ ನೋವು ಹಾಗೇ ಇದ್ದರೆ ಆಪರೇಷನ್ ಮಾತು ಆಗ ತೆಗೆಯಬಹುದು.