ಜಾಮಿಟ್ರಿ ಬಾಕ್ಸಿನಲ್ಲೊಂದು ದೇವರಮನೆ

ಪ್ರಶ್ನೆ: ಅಕ್ಕಾ, ನಾನು ಹಾಸನದವನು, ಮೆಡಿಕಲ್ ರೆಪ್. ವಾರದಲ್ಲಿ ನಾಲ್ಕು ದಿನ ಅರಸೀಕೆರೆ, ಕಡೂರು, ತರೀಕೆರೆ, ಚಿಕ್ಕಮಗಳೂರು ಅಂತ ಸುತ್ತಾಟ, ರಾತ್ರಿ ಲಾಡ್ಜು. ಮನೆಯಲ್ಲಿದ್ದರೆ ಸ್ನಾನ ಆದಮೇಲೆ ದೀಪ ಹಚ್ಚಿ ಐದು ನಿಮಿಷ ಕೂರುತ್ತೇನೆ, ಅಪ್ಪ ಇದ್ದಾಗಿನಿಂದ ಬಂದ ಅಭ್ಯಾಸ. ಊರು ಬಿಟ್ಟರೆ ಅದು ತಪ್ಪಿಹೋಗುತ್ತದೆ. ಬ್ಯಾಗಲ್ಲಿ ಹಿಡಿಯುವಂಥ ಪುಟ್ಟ ದೇವರಮನೆ ಮಾಡಿಕೊಳ್ಳಬಹುದಾ? ಅಮ್ಮ ಮಾತ್ರ "ಬಟ್ಟೆಬರೆ ಜೊತೆ ದೇವರನ್ನೂ ತುರುಕ್ಕೊಂಡು ಹೋಗ್ತೀಯಾ" ಅಂತ ಬೈಯುತ್ತಾರೆ. ಒಂದು ದಿನ ತೆಗೆಯಲು ಆಗದಿದ್ದರೆ ದೋಷವಾ?

ಉತ್ತರ: ಕೊನೆಯ ಪ್ರಶ್ನೆ ಮೊದಲು ಮುಗಿಸೋಣ. ನಿಮ್ಮೂರ ಹಾಸನಾಂಬೆಯೇ ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನ ಕೆಲವು ದಿನ ಮಾತ್ರ ಬಾಗಿಲು ತೆಗೆಯುವವಳು. ಹಾಸನದವರಾಗಿ ನೀವು ಒಂದು ದಿನ ಪೆಟ್ಟಿಗೆ ಮುಚ್ಚಿದ್ದಕ್ಕೆ ಹೆದರುತ್ತೀರಲ್ಲ!

ಇನ್ನು ಅಮ್ಮನ ಮಾತು. ದೇವರನ್ನು ಜೊತೆಗೆ ಒಯ್ಯುವುದು ನಮ್ಮ ಕಡೆ ಹೊಸದೇನಲ್ಲ. ಲಿಂಗಾಯತರು ಇಷ್ಟಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೇ ಕಟ್ಟಿಕೊಳ್ಳುತ್ತಾರೆ, ಬಸ್ಸಲ್ಲೂ ಇರುತ್ತದೆ, ಆಫೀಸಲ್ಲೂ ಇರುತ್ತದೆ. ಶಬರಿಮಲೆಗೆ ಹೋಗುವವರು ಪೂಜೆ ಸಾಮಾನನ್ನೆಲ್ಲ ಇರುಮುಡಿ ಕಟ್ಟಿ ತಲೆ ಮೇಲೆ ಹೊರುತ್ತಾರೆ. ಮಠದ ಸ್ವಾಮಿಗಳು ಸಂಚಾರ ಹೊರಟರೆ ಪೂಜೆಯ ದೇವರೂ ಜೊತೆಗೇ ಹೊರಡುತ್ತದೆ. ಆದರೆ ಅಮ್ಮ ಹೇಳುವುದರಲ್ಲಿ ಅರ್ಧ ಸರಿ ಇದೆ. ಮನೆಯ ದೇವರನ್ನು ಎತ್ತಬೇಡಿ. ಅದರಲ್ಲೂ ಸಾಲಿಗ್ರಾಮವೋ, ದಿನಾ ಅಭಿಷೇಕ ಆಗುವ ವಿಗ್ರಹವೋ ಇದ್ದರೆ ಮನೆಯಲ್ಲೇ ಇರಲಿ. ದಾರಿಗೆ ಬೇರೆಯದೇ ಒಂದು ಪುಟ್ಟದು ತನ್ನಿ, ಅದನ್ನು ಅಮ್ಮನ ಕೈಗೆ ಕೊಟ್ಟು ದೇವರ ಮುಂದೆ ಒಂದು ದಿನ ಇಡಿಸಿ, ಅವರ ಕೈಯಿಂದಲೇ ಇಸ್ಕೊಳ್ಳಿ. ಆಮೇಲೆ ಅವರೇ "ಮರೆಯದೆ ತಗೊಂಡೆಯಾ?" ಅಂತ ಫೋನ್ ಮಾಡಿ ಕೇಳುತ್ತಾರೆ, ನೋಡಿ.

ಈಗ ಪೆಟ್ಟಿಗೆ. ಅಂಗಡಿಯಲ್ಲಿ ಮಡಚುವ ಮರದ ಮಂಟಪ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ, ಆದರೆ ಬ್ಯಾಗಲ್ಲಿ ಅರ್ಧ ಜಾಗ ಅದೇ ತಿನ್ನುತ್ತದೆ. ನಾನು ಹೇಳುವುದು ಮಕ್ಕಳ ಹಳೇ ಜಾಮಿಟ್ರಿ ಬಾಕ್ಸ್. ತಗಡಿನದೇ ಆಗಬೇಕು, ಪ್ಲಾಸ್ಟಿಕ್ ಬೇಡ, ಯಾಕೆ ಅಂತ ಹೇಳುತ್ತೇನೆ. ಬಾಕ್ಸನ್ನು ಮಲಗಿಸಬೇಡಿ, ಅದರ ಚಿಕ್ಕ ಬದಿಯ ಮೇಲೆ ಉದ್ದಕ್ಕೆ ನಿಲ್ಲಿಸಿ ಮುಚ್ಚಳ ಅರ್ಧ ತೆಗೆಯಿರಿ. ಬಾಗಿಲು ತೆರೆದ ಗೂಡಿನ ಹಾಗೇ ಕಾಣುತ್ತದೆ, ಅಲ್ವಾ? ಅರ್ಧ ತೆರೆದ ಪುಸ್ತಕ ಹೇಗೆ ನಿಲ್ಲುತ್ತದೋ ಹಾಗೆ ಅದೂ ಬೀಳದೆ ನಿಲ್ಲುತ್ತದೆ. ಒಳಗಿನ ಆಳ ಮುಕ್ಕಾಲು ಇಂಚು ಸಿಕ್ಕರೆ ಹೆಚ್ಚು. ಹಾಗಾಗಿ ಎರಡು ಇಂಚು ಎತ್ತರದ, ಸ್ವಲ್ಪ ಚಪ್ಪಟೆ ಇರುವ ಹಿತ್ತಾಳೆ ವಿಗ್ರಹ ಹುಡುಕಿ. ಬಾಕ್ಸನ್ನು ಅಂಗಡಿಗೇ ತೆಗೆದುಕೊಂಡು ಹೋಗಿ ಇಟ್ಟು ನೋಡಿ.

ಹಿತ್ತಾಳೆಗೆ ಆಯಸ್ಕಾಂತ ಅಂಟುವುದಿಲ್ಲ, ತಗಡಿಗೆ ಅಂಟುತ್ತದೆ. ವಿಗ್ರಹದ ಪೀಠದ ಅಡಿಗೆ ಬಟನ್ ಗಾತ್ರದ ಆಯಸ್ಕಾಂತವನ್ನು ಅರಾಲ್ಡೈಟ್ ಹಾಕಿ ಅಂಟಿಸಿ, ಒಂದು ರಾತ್ರಿ ಮುಟ್ಟದೆ ಬಿಡಿ. ಬೆಳಿಗ್ಗೆ ಬಾಕ್ಸಿನ ಚಿಕ್ಕ ಬದಿಗೆ ಇಟ್ಟರೆ ಟಕ್ ಅಂತ ಕೂರುತ್ತದೆ. ಬಸ್ಸು ಎಷ್ಟೇ ಕುಲುಕಲಿ, ಬ್ಯಾಗಿಂದ ತೆಗೆದು ನಿಲ್ಲಿಸಿದಾಗ ದೇವರು ನಿಂತೇ ಇರುತ್ತಾರೆ. ಒಳಗೆ ಅಮ್ಮನ ಹಳೇ ರೇಷ್ಮೆ ಸೀರೆಯ ಅಂಚು ಫೆವಿಕಾಲ್‌ನಲ್ಲಿ ಅಂಟಿಸಿ, ಆದರೆ ಆಯಸ್ಕಾಂತ ಕೂರುವ ಜಾಗ ಮಾತ್ರ ಬರಿ ತಗಡಾಗಿಯೇ ಇರಲಿ, ಬಟ್ಟೆ ಅಡ್ಡ ಬಂದರೆ ಹಿಡಿತ ಸಡಿಲ. ಮೈದಾ ಅಂಟು ಬೇಡ, ಹುಳ ಬರುತ್ತದೆ. ಮುಚ್ಚಳದ ಒಳಮೈಗೆ ಅಪ್ಪನದೋ ಮನೆದೇವರದೋ ಫೋಟೋ. ಲ್ಯಾಮಿನೇಶನ್ ಮಾಡಿಸಿಯೇ ಅಂಟಿಸಿ, ನಮ್ಮ ಚಿಕ್ಕಮಗಳೂರಿನ ಮಳೆಗಾಲಕ್ಕೆ ಬರಿ ಫೋಟೋ ಬೂಷ್ಟು ಹಿಡಿಯಲು ಹದಿನೈದು ದಿನ ಸಾಕು. ಎಟಿಎಂ ಕಾರ್ಡನ್ನು ಪಕ್ಕದಲ್ಲಿ ಇಡಬೇಡಿ, ಆಯಸ್ಕಾಂತಕ್ಕೆ ಅದರ ಕಪ್ಪು ಪಟ್ಟಿ ಕೆಟ್ಟರೂ ಕೆಟ್ಟೀತು.

ಕುಂಕುಮ, ವಿಭೂತಿಗೆ ಹೋಮಿಯೋಪತಿ ಮಾತ್ರೆಯ ಪ್ಲಾಸ್ಟಿಕ್ ಶೀಶೆ. ಅದಕ್ಕಿಂತ ಗಟ್ಟಿ ಮುಚ್ಚಳ ನಾನು ಕಂಡಿಲ್ಲ. ಹೂವಿಗೆ ಗೆಜ್ಜೆವಸ್ತ್ರ ಒಂದೆಳೆ ಇದ್ದರೆ ಹೂ ಸಿಗದ ದಿನ ನಡೆಯುತ್ತದೆ. ಇದೆಲ್ಲ ಬಾಕ್ಸಿನೊಳಗೆ ಹಿಡಿಯುವುದಿಲ್ಲ, ಬಾಕ್ಸನ್ನೂ ಸೇರಿಸಿ ಒಂದು ಬಟ್ಟೆ ಸಂಚಿಗೆ ಹಾಕಿ. ಅಮ್ಮನ ದೂರಿಗೂ ಅದೇ ಉತ್ತರ, ಸಂಚಿ ಬೇರೆ, ಬಟ್ಟೆ ಬೇರೆ.

ಎಣ್ಣೆ ಮಾತ್ರ ಬೇಡ. ಒಮ್ಮೆ ಚಾರ್ಮಾಡಿ ಘಾಟಿಯಲ್ಲಿ ಧರ್ಮಸ್ಥಳಕ್ಕೆ ಹೋಗುವಾಗ ಎಳ್ಳೆಣ್ಣೆ ಬಾಟಲಿ ಒಯ್ದಿದ್ದೆ. ತಿರುವಿಗೊಂದು ಹನಿ ಅಂತ ಸೋರಿ, ಉಜಿರೆ ಮುಟ್ಟುವ ಹೊತ್ತಿಗೆ ಸೀರೆ, ಟವೆಲ್, ಊಟಕ್ಕೆ ಕಟ್ಟಿಕೊಂಡಿದ್ದ ಚಪಾತಿ ಎಲ್ಲಾ ಎಳ್ಳೆಣ್ಣೆ. ಚಪಾತಿ ತಿಂದ ನಮ್ಮೆಜಮಾನರು ಮಾತ್ರ "ಪರವಾಗಿಲ್ಲ, ಚೆನ್ನಾಗಿದೆ" ಅಂದರು. ಲಾಡ್ಜ್ ರೂಮಿನಲ್ಲಿ ಪರದೆ, ಹಾಸಿಗೆ ಎಲ್ಲಾ ಹತ್ತಿರ ಇರುತ್ತದೆ, ನೀವು ದೀಪ ಹಚ್ಚಿಟ್ಟು ಡಾಕ್ಟರ್ ನೋಡಲು ಓಡುವವರು. ಸೆಲ್ ಹಾಕುವ ಪುಟ್ಟ ದೀಪ ಸಾಕು. ರೈಲಿನಲ್ಲಂತೂ ಕರ್ಪೂರ, ಊದಿನಕಡ್ಡಿ ಹಚ್ಚುವ ಯೋಚನೆಯೇ ಬೇಡ. ಬೆಂಕಿ ಹತ್ತುವ ಅಪಾಯದ ಸಾಮಾನು ಒಯ್ದರೆ ರೈಲ್ವೆ ಕಾಯ್ದೆಯ 164ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ಕೊನೆಗೆ ಒಂದು ಮಾತು. ಎಲ್ಲಾ ದೇವರನ್ನೂ ತುಂಬಲು ಹೋಗಬೇಡಿ. ಮನೆಯಲ್ಲಿ ನೀವು ಮಾಡುವುದು ಐದು ನಿಮಿಷ, ಆ ಐದು ನಿಮಿಷಕ್ಕೆ ಏನು ಮುಟ್ಟುತ್ತೀರೋ ಅಷ್ಟೇ ಸಂಚಿಗೆ ಹೋಗಲಿ. ಘಂಟೆ, ಶಂಖ, ಪಂಚಪಾತ್ರೆ ಅಂತ ಸೇರಿಸಿದರೆ ಜೋಡಿಸಲು ಹತ್ತು ನಿಮಿಷ ಬೇಕು, ಮೂರನೇ ವಾರಕ್ಕೆ ಸಂಚಿ ಮನೆಯಲ್ಲೇ ಉಳಿಯುತ್ತದೆ. ನಾನು ಕಂಡ ಎಷ್ಟೋ ಜನರದು ಹೀಗೇ ನಿಂತಿದೆ.

ಪ್ರಶ್ನೆ: ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇನೆ, ಆರು ತಿಂಗಳು. ದೇವರ ಸಾಮಾನು ಏನೇನು ಬಿಡುತ್ತಾರೆ? ಮೂಡಿಗೆರೆ ಓದುಗರು

ಉತ್ತರ: ವಿಗ್ರಹ, ಘಂಟೆ, ಬತ್ತಿ ಧಾರಾಳವಾಗಿ ಒಯ್ಯಿರಿ. ಕರ್ಪೂರ, ಬೆಂಕಿಪೊಟ್ಟಣ ಬೇಡ. ಒಣ ಕೊಬ್ಬರಿಯೂ ಬೇಡ, ಅದರಲ್ಲಿ ಎಣ್ಣೆ ಇರುವುದರಿಂದ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನದಲ್ಲಿ ಬಿಡುವುದಿಲ್ಲ. ಕುಂಕುಮ, ವಿಭೂತಿ ಪುಡಿ ದೊಡ್ಡ ಪೆಟ್ಟಿಗೆಗೆ ಹಾಕಿ. ಕೈಚೀಲದಲ್ಲಿ 350 ಮಿಲಿಲೀಟರ್‌ಗಿಂತ ಜಾಸ್ತಿ ಪುಡಿ ಇದ್ದರೆ ತೆಗೆಸಿ ನೋಡುತ್ತಾರೆ, ಕೆಲವೊಮ್ಮೆ ಬಿಡುವುದೂ ಇಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ್ದು ಅಕ್ಷತೆ. ನಮ್ಮ ದೇಶದ ಅಕ್ಕಿಯನ್ನು ಪ್ರಯಾಣಿಕರು ಅಲ್ಲಿಗೆ ಒಯ್ಯುವಂತಿಲ್ಲ, ಖಾಪ್ರಾ ಅನ್ನುವ ಕಾಳಿನ ಹುಳ ಬಂದೀತು ಅಂತ ಭಯ. ಅರಿಶಿನ ಒಯ್ಯಿರಿ, ಅಕ್ಕಿ ಮಗಳ ಮನೆಯಲ್ಲೇ ಇರುತ್ತದೆ, ಅಲ್ಲೇ ಕಲಸಿ. ಹಸಿ ಹೂವು, ವೀಳ್ಯದೆಲೆ, ಹಣ್ಣು ಬಿಟ್ಟುಬಿಡಿ. ತಿನ್ನುವ ಸಾಮಾನು ಏನೇ ಇದ್ದರೂ ಅಲ್ಲಿ ಇಳಿದಾಗ ಕಸ್ಟಮ್ಸ್‌ನವರಿಗೆ ಇದೆ ಅಂತಲೇ ಹೇಳಿ, ಫಾರ್ಮ್ ಕೊಟ್ಟರೆ ಅದರಲ್ಲೂ ಬರೆಯಿರಿ. ಹೇಳಿದರೆ ಬೇಡದ್ದನ್ನು ತೆಗೆದಿಟ್ಟುಕೊಂಡು ಕಳಿಸುತ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಪ್ರಶ್ನೆ: ನಾನು ಪೂಜೆ ಮಾಡಲ್ಲ, ಧ್ಯಾನ ಅಷ್ಟೇ. ಪಿಜಿ ರೂಮಲ್ಲಿ ನಾಲ್ಕು ಜನ ಇದ್ದೇವೆ. ನನಗೂ ಇಂಥದ್ದೊಂದು ಬೇಕಾ? ಹಾಸನದ ವಿದ್ಯಾರ್ಥಿನಿ

ಉತ್ತರ: ಬೇಕೇಬೇಕು ಅಂತಿಲ್ಲ. ಆದರೆ ಕೂರುವ ಜಾಗಕ್ಕೆ ಒಂದು ಗುರುತು ಇದ್ದರೆ ಒಳ್ಳೆಯದು. ಒಂದೇ ಬಣ್ಣದ ಕರ್ಚೀಫು, ಅದರ ಮೇಲೆ ಹೇಮಾವತಿಯ ಒಂದು ನುಣುಪು ಕಲ್ಲು. ಅದು ಹಾಸಿದ್ದರೆ ನೀನು ಕೂತಿದ್ದೀಯಾ ಅಂತ ರೂಮಿನವರಿಗೂ ಗೊತ್ತಾಗುತ್ತದೆ, "ಚಾರ್ಜರ್ ಎಲ್ಲಿಟ್ಟೆ" ಅಂತ ಮಧ್ಯೆ ಕೇಳುವುದಿಲ್ಲ. ಕೇಳಿದರೆ ಕಲ್ಲು ತೋರಿಸು.