ಓದುಗರ ಪ್ರಶ್ನೆ: ಫೋರ್ಟ್ ಸ್ಮಿತ್‌ನ ‘ಗಲ್ಲಿನ ಜಡ್ಜ್’

ಅಮೆರಿಕದ ಗಡಿನಾಡಿನಲ್ಲಿ 21 ವರ್ಷ ನ್ಯಾಯಾಧೀಶರಾಗಿದ್ದ ಐಸಾಕ್ ಪಾರ್ಕರ್ (1838–1896) ಅವರ ಬಗ್ಗೆ ಹೋದ ಸಂಚಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಹಾಕಿದ್ದೆವು. 160 ಜನರಿಗೆ ಗಲ್ಲು ಶಿಕ್ಷೆ ಬರೆದವರು, ಅದರಲ್ಲಿ 79 ಜನ ಗಲ್ಲಿಗೇರಿದರು ಎಂಬ ಸಾಲು ಓದಿ ಬಹಳ ಜನ ಬರೆದಿದ್ದೀರಿ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪಾರ್ಲಿಮೆಂಟಿನಲ್ಲಿ ಇದ್ದವರು ಸೀದಾ ಜಡ್ಜ್ ಆಗಿ ಬಂದದ್ದು ಹೇಗೆ?
— ನಿವೃತ್ತ ಶಿಕ್ಷಕಿ, ಗದಗ

ಅಲ್ಲಿ ಕೇಂದ್ರ ನ್ಯಾಯಾಲಯಗಳ ಜಡ್ಜ್‌ಗಳನ್ನು ರಾಷ್ಟ್ರಾಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪುತ್ತದೆ. ಪರೀಕ್ಷೆ ಇಲ್ಲ, ರಾಜಕಾರಣಿ ಆಗಿದ್ದರೆ ಅಡ್ಡಿಯೂ ಇಲ್ಲ. ರಾಜ್ಯಗಳ ಜಡ್ಜ್‌ಗಳಂತೂ ಎಷ್ಟೋ ಕಡೆ ಜನರ ಮತದಿಂದಲೇ ಆರಿಸಿ ಬರುತ್ತಾರೆ. ಪಾರ್ಕರ್ ಓಹಾಯೋದವರು. ಮಿಸೌರಿಯ ಸೇಂಟ್ ಜೋಸೆಫ್‌ನಲ್ಲಿ ವಕೀಲಿ ಹಿಡಿದು, 1861ರಲ್ಲಿ ನಗರದ ಸರಕಾರಿ ವಕೀಲರಾದರು. 1868ರಲ್ಲಿ ಮತದಿಂದ ಜಡ್ಜ್ ಆಗಿ ಆರಿಸಿ ಬಂದರು. 1871ರಿಂದ 1875ರವರೆಗೆ ರಿಪಬ್ಲಿಕನ್ ಪಕ್ಷದಿಂದ ಕಾಂಗ್ರೆಸ್ಸಿನ ಕೆಳಮನೆಯಲ್ಲಿದ್ದರು. ಅಲ್ಲಿ ಮೂಲನಿವಾಸಿಗಳ ಹಕ್ಕಿನ ಪರ ಮಾತಾಡಿದ್ದು, ಟೆರಿಟರಿಗಳಲ್ಲಿ (ಇನ್ನೂ ರಾಜ್ಯವಾಗದ ಪ್ರದೇಶಗಳಲ್ಲಿ) ಹೆಣ್ಣುಮಕ್ಕಳಿಗೆ ಮತದ ಹಕ್ಕು ಬೇಕೆಂಬ ಮಸೂದೆಗೆ ಕೈಜೋಡಿಸಿದ್ದು ನೆನಪಿಡುವಂಥವು. ಮಿಸೌರಿಯಲ್ಲಿ ಗಾಳಿ ಡೆಮಾಕ್ರಟ್‌ರ ಕಡೆ ತಿರುಗಿದಾಗ ಅವರಿಗೆ ಅಲ್ಲಿ ಮುಂದಿನ ದಾರಿ ಉಳಿಯಲಿಲ್ಲ. ಅಧ್ಯಕ್ಷ ಗ್ರಾಂಟ್ ಮೊದಲು ಯೂಟಾದ ಮುಖ್ಯ ನ್ಯಾಯಾಧೀಶರ ಹುದ್ದೆಗೆ ಹೆಸರಿಸಿದರು. ಪಾರ್ಕರ್ ತಾವಾಗಿಯೇ ಕೇಳಿಕೊಂಡು ಪಶ್ಚಿಮ ಆರ್ಕನ್ಸಾ ಜಿಲ್ಲೆಯ ಫೋರ್ಟ್ ಸ್ಮಿತ್‌ಗೆ ಬಂದರು. ಆಗ ವಯಸ್ಸು 36. ಅಲ್ಲಿ ಹಿಂದೆ ಇದ್ದ ವಿಲಿಯಂ ಸ್ಟೋರಿ ಭ್ರಷ್ಟಾಚಾರದ ಆರೋಪ ಹೊತ್ತು ರಾಜೀನಾಮೆ ಕೊಟ್ಟಿದ್ದರಿಂದ ಆ ಕೋರ್ಟಿನ ಮೇಲೆ ಯಾರಿಗೂ ನಂಬಿಕೆ ಉಳಿದಿರಲಿಲ್ಲ.

160 ಗಲ್ಲು ಶಿಕ್ಷೆ ಎಂದರೆ ಕ್ರೂರಿ ಎನ್ನದೆ ಇನ್ನೇನೆನ್ನಬೇಕು?
— ವಕೀಲರು, ಹಾವೇರಿ

ತೀರ್ಪು ಕೊಡುವ ಮುಂಚೆ ಅವರ ಕೈಯಲ್ಲಿದ್ದ ಕಾನೂನನ್ನು ನೋಡಬೇಕು. ಕೊಲೆ ಮತ್ತು ಅತ್ಯಾಚಾರಕ್ಕೆ ಆಗಿನ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಇದ್ದದ್ದು ಒಂದೇ ಶಿಕ್ಷೆ, ಗಲ್ಲು. ಜ್ಯೂರಿ, ಅಂದರೆ ತಪ್ಪು ಹೌದೋ ಅಲ್ಲವೋ ತೀರ್ಮಾನಿಸುವ 12 ಜನ ಸಾಮಾನ್ಯ ನಾಗರಿಕರು, ‘ತಪ್ಪಿತಸ್ಥ’ ಎಂದ ಮೇಲೆ ಜಡ್ಜ್‌ಗೆ ಕಡಿಮೆ ಮಾಡುವ ಅಧಿಕಾರವೇ ಇರಲಿಲ್ಲ. ನಮ್ಮ 1860ರ ದಂಡ ಸಂಹಿತೆಯ 302ನೇ ಕಲಮು ನಿಮಗೆ ಬಾಯಿಪಾಠವಿರುತ್ತದೆ: ಆಗ ಅದರಲ್ಲಿ ಇದ್ದದ್ದು ಗಲ್ಲು ಅಥವಾ ಜೀವಾವಧಿ ಗಡೀಪಾರು. ಆ ‘ಅಥವಾ’ ಪಾರ್ಕರ್ ಅವರಿಗೆ ಸಿಗಲಿಲ್ಲ. ಅಮೆರಿಕದ ಕಾಂಗ್ರೆಸ್ ಅದನ್ನು ಸೇರಿಸಿದ್ದು 1897ರ ಜನವರಿಯಲ್ಲಿ, ಅವರು ತೀರಿಕೊಂಡು ಎರಡು ತಿಂಗಳಾದ ಮೇಲೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. 1882ರ ದಂಡ ಪ್ರಕ್ರಿಯಾ ಸಂಹಿತೆಯ 374ನೇ ಕಲಮಿನಂತೆ ಧಾರವಾಡದ ಸೆಷನ್ಸ್ ಜಡ್ಜ್ ಗಲ್ಲು ಬರೆದರೆ ಕಾಗದಪತ್ರವೆಲ್ಲ ಮುಂಬಯಿ ಹೈಕೋರ್ಟಿಗೆ ಹೋಗಲೇಬೇಕಿತ್ತು. ಆರೋಪಿ ಅಪೀಲು ಮಾಡಲಿ ಬಿಡಲಿ, ಅಲ್ಲಿ ಖಾಯಂ ಆಗದೆ ಹಗ್ಗ ಬೀಳುತ್ತಿರಲಿಲ್ಲ. ಇಂದೂ ಅದೇ ಪದ್ಧತಿ. ಫೋರ್ಟ್ ಸ್ಮಿತ್‌ನಲ್ಲಿ 1875ರಿಂದ 1889ರವರೆಗೆ ಅಪೀಲೇ ಇರಲಿಲ್ಲ. ಉಳಿದದ್ದು ರಾಷ್ಟ್ರಾಧ್ಯಕ್ಷರ ಕ್ಷಮೆ ಮಾತ್ರ. ಒಬ್ಬ ಜಡ್ಜ್, ಒಂದು ಜ್ಯೂರಿ, ಅಲ್ಲಿಗೆ ಮುಗಿಯಿತು. ಯಾವ ಮನುಷ್ಯನನ್ನು ಕೂರಿಸಿದರೂ ಇಂಥ ಕುರ್ಚಿ ಅಪಾಯದ್ದೇ.

‘ಗಲ್ಲಿನ ಜಡ್ಜ್’ ಎಂಬ ಹೆಸರು ಅಂಟಿದ್ದು ಮೊದಲ ವರ್ಷವೇ. 1875ರ ಮೇ 10ರಂದು ಶುರುವಾದ ಮೊದಲ ಅಧಿವೇಶನದಲ್ಲಿ ಎಂಟು ಜನರಿಗೆ ಗಲ್ಲು ಬರೆದರು. ಒಬ್ಬ ತಪ್ಪಿಸಿಕೊಳ್ಳಲು ಹೋಗಿ ಸತ್ತ, ಎಳೆಯ ವಯಸ್ಸಿನ ಒಬ್ಬನಿಗೆ ಶಿಕ್ಷೆ ಇಳಿಯಿತು. ಉಳಿದ ಆರು ಜನರನ್ನು ಸೆಪ್ಟೆಂಬರ್ 3ರಂದು ಒಂದೇ ಕಟ್ಟೆಯ ಮೇಲೆ, ಒಂದೇ ಗಳಿಗೆಗೆ ನೇಣಿಗೇರಿಸಿದರು. ಅದನ್ನು ಸಾವಿರಾರು ಜನ ನೋಡಿದರು, ದೂರದ ಪತ್ರಿಕೆಗಳು ಬರೆದವು. ಆದರೆ ಆ ಕೋರ್ಟಿನಲ್ಲಿ ಒಟ್ಟು ನಡೆದ ಖಟ್ಲೆಗಳು 13,490. ಗಲ್ಲು ಶಿಕ್ಷೆ ಬರೆದದ್ದು ನೂರಕ್ಕೆ ಒಂದು ಚಿಲ್ಲರೆ. ಉಳಿದವು ವಿಸ್ಕಿ ಮಾರಾಟ, ಕುದುರೆ ಕಳವು, ಹೊಡೆದಾಟ, ಮರ ಕಡಿತದಂಥವು. ವಾರಕ್ಕೆ ಆರು ದಿನ, ಒಮ್ಮೊಮ್ಮೆ ದಿನಕ್ಕೆ ಹತ್ತು ತಾಸು ಅವರು ಕೂತಿರುತ್ತಿದ್ದರು.

ಇಷ್ಟು ಹೇಳಿದರೂ ಪಾರ್ಕರ್ ಪೂರ್ತಿ ಪಾರಾಗುವುದಿಲ್ಲ. ಅವರ ಪಾಲಿನ ತಪ್ಪು ಏನೆಂಬುದು ಕೊನೆಯ ಉತ್ತರದಲ್ಲಿದೆ.

ಆರೋಪಿಗಳನ್ನು ಅಷ್ಟು ದೂರದಿಂದ ಯಾರು, ಹೇಗೆ ತರುತ್ತಿದ್ದರು?
— ವ್ಯಾಪಾರಸ್ಥರು, ಹುಬ್ಬಳ್ಳಿ

ಕೋರ್ಟಿನ ವ್ಯಾಪ್ತಿ ಸುಮಾರು 74,000 ಚದರ ಮೈಲಿ, ಅಂದರೆ ಇಂದಿನ ಇಡೀ ಕರ್ನಾಟಕದಷ್ಟು. ಅದರ ಬಹುಭಾಗ ಈಗಿನ ಒಕ್ಲಹೋಮಾ, ಆಗ ‘ಇಂಡಿಯನ್ ಟೆರಿಟರಿ’. ಅಲ್ಲಿ ಚೆರೋಕೀ, ಚಾಕ್ಟಾ, ಚಿಕಸಾ, ಕ್ರೀಕ್, ಸೆಮಿನೋಲ್ ಜನಾಂಗಗಳಿಗೆ ತಮ್ಮವೇ ಕೋರ್ಟುಗಳಿದ್ದವು. ತಮ್ಮವರು ತಮ್ಮವರ ಮೇಲೆ ಮಾಡಿದ ಅಪರಾಧ ಆ ಕೋರ್ಟಿಗೆ. ಹೊರಗಿನವನು ಆರೋಪಿಯೋ ಬಲಿಯೋ ಆಗಿದ್ದರೆ ಫೋರ್ಟ್ ಸ್ಮಿತ್‌ಗೆ. ಹಾಗಾಗಿ ಎಷ್ಟೋ ಖಟ್ಲೆಗಳಲ್ಲಿ ಮೊದಲ ಜಗಳವೇ ‘ಇವನು ಯಾವ ಜನಾಂಗದವನು’ ಎಂಬುದು.

ಹಿಡಿದು ತರುವವರು ಸುಮಾರು 200 ಡೆಪ್ಯುಟಿ ಮಾರ್ಷಲ್‌ಗಳು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನಾಂಗದ ಬ್ಯಾಸ್ ರೀವ್ಸ್ ಇವರಲ್ಲಿ ಹೆಸರಾಂತರು. ಇವರಿಗೆ ತಿಂಗಳ ಪಗಾರ ಇರಲಿಲ್ಲ. ಸರಕಾರಿ ಕೆಲಸಕ್ಕೆ ಹೋಗುವಾಗ ಮೈಲಿಗೆ 6 ಸೆಂಟ್, ಕೈದಿ ಸಮೇತ ಮರಳುವಾಗ 10 ಸೆಂಟ್, ದಸ್ತಗಿರಿಗೆ 2 ಡಾಲರ್. ಹೊಟ್ಟೆಪಾಡು ಮೈಲಿಗಳ ಮೇಲೆ ನಿಂತರೆ ಏನಾಗುತ್ತದೆ? ಸಣ್ಣಪುಟ್ಟ ವಿಸ್ಕಿ ಮಾರುವವರನ್ನೂ ನೂರಾರು ಮೈಲಿ ಎಳೆದು ತರುವ ಆಸೆ ಹುಟ್ಟುತ್ತದೆ. ಕೈದಿ ದಾರಿಯಲ್ಲಿ ಸತ್ತರೆ ಭತ್ಯೆ ಹೋಯಿತು, ಮಣ್ಣು ಮಾಡುವ ಖರ್ಚೂ ಎಷ್ಟೋ ಸಲ ಇವರ ತಲೆಗೇ. ಆದ್ದರಿಂದ ಸಿನಿಮಾದಂತೆ ಗುಂಡು ಹಾರಿಸುವುದು ಇವರಿಗೆ ಲುಕ್ಸಾನಿನ ಬಾಬು. ಪಾರ್ಕರ್ ಅವರ ಕಾಲದಲ್ಲಿ ಕೆಲಸದ ಮೇಲೆ ಸತ್ತ ಡೆಪ್ಯುಟಿಗಳು ಸುಮಾರು 65.

ಪಾರ್ಕರ್ ಕೋರ್ಟಿನ ಯಾವ ತೀರ್ಪನ್ನು ನಾವು ಅಣಕು ನ್ಯಾಯಾಲಯಕ್ಕೆ ಬಳಸಬಹುದು?
— ಕಾನೂನು ವಿದ್ಯಾರ್ಥಿ, ಧಾರವಾಡ

ಎರಡು ಸಾಕು. 1889ರ ಕಾಯ್ದೆಯಿಂದ ಗಲ್ಲಿನ ಖಟ್ಲೆಗಳಿಗೆ ಸುಪ್ರೀಂ ಕೋರ್ಟಿನ ಅಪೀಲು ಸಿಕ್ಕ ಮೇಲೆ, ಪಾರ್ಕರ್ ಕೋರ್ಟಿನಿಂದ ಮೇಲೆ ಹೋದವುಗಳಲ್ಲಿ ಹೆಚ್ಚಿನವು ತಿರುಗಿ ಬಂದವು. ಮುಖ್ಯ ಕಾರಣ, ಜ್ಯೂರಿಗೆ ಅವರು ಕೊಡುತ್ತಿದ್ದ ಉದ್ದುದ್ದ ಸೂಚನೆ.

ಮೊದಲು 1896ರ ಆಲ್ಬರ್ಟಿ ಖಟ್ಲೆ ಓದಿ. ಉಲ್ಲೇಖ 162 ಯು.ಎಸ್. 499, ಅಂದರೆ ವರದಿಯ 162ನೇ ಸಂಪುಟ, 499ನೇ ಪುಟ. ಕೊಲೆಯ ನಂತರ ಆರೋಪಿ ಓಡಿಹೋಗಿದ್ದ. ಪಾಪಿ ಯಾರೂ ಅಟ್ಟದಿದ್ದರೂ ಓಡುತ್ತಾನೆ ಎಂಬ ಬೈಬಲ್ಲಿನ ಗಾದೆಯ ಧಾಟಿಯಲ್ಲಿ ಪಾರ್ಕರ್ ಜ್ಯೂರಿಗೆ ತಿಳಿಸಿದರು. ನಮ್ಮ ‘ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡ’ ಎಂಬುದನ್ನು ಜಡ್ಜ್ ಸಾಕ್ಷ್ಯದ ನಿಯಮ ಮಾಡಿದಂತೆ. ನಿರಪರಾಧಿಯೂ ಹೆದರಿ ಓಡಬಹುದು, ಸಾಕ್ಷಿ ಹೇಳುವ ಗೋಜು ಬೇಡವೆಂದೂ ಓಡಬಹುದು ಎಂದು ಸುಪ್ರೀಂ ಕೋರ್ಟು ಶಿಕ್ಷೆ ರದ್ದು ಮಾಡಿತು. ಇದಕ್ಕೆ ಜೋಡಿಯಾಗಿ ನಮ್ಮ 1872ರ ಸಾಕ್ಷ್ಯ ಅಧಿನಿಯಮದ 8ನೇ ಕಲಮು (ಈಗಿನ ಸಾಕ್ಷ್ಯ ಅಧಿನಿಯಮದಲ್ಲಿ 6) ಇಟ್ಟುಕೊಳ್ಳಿ. ಪರಾರಿ ಸುಸಂಗತ ಸಂಗತಿ, ಆದರೆ ಅದೊಂದರಿಂದಲೇ ತಪ್ಪು ಸಾಬೀತಾಗುವುದಿಲ್ಲ. ವಾದದಲ್ಲಿ ಎಡವುವುದು ಇಲ್ಲೇ: ‘ಸುಸಂಗತ’ ಎಂಬುದನ್ನು ‘ಸಾಬೀತು’ ಎಂದು ಓದಿಬಿಡುತ್ತಾರೆ.

ಎರಡನೆಯದು ಆಲೆನ್ ಖಟ್ಲೆ, 164 ಯು.ಎಸ್. 492. ಒಮ್ಮತಕ್ಕೆ ಬಾರದ ಜ್ಯೂರಿಗೆ, ಅಲ್ಪಸಂಖ್ಯೆಯವರು ಉಳಿದವರ ಅಭಿಪ್ರಾಯವನ್ನೂ ತೂಗಿ ನೋಡಲಿ ಎಂದು ಪಾರ್ಕರ್ ಹೇಳಿದ್ದನ್ನು ಇಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ‘ಆಲೆನ್ ಸೂಚನೆ’ ಎಂಬ ಹೆಸರಿನಲ್ಲಿ ಅಲ್ಲಿ ಇಂದಿಗೂ ಬಳಕೆಯಲ್ಲಿದೆ, ಒತ್ತಡ ಹೇರುತ್ತದೆಂಬ ವಿರೋಧವೂ ಇದೆ. ತೀರ್ಪು ಬಂದದ್ದು 1896ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಸೆಪ್ಟೆಂಬರ್ 1ಕ್ಕೆ ಆ ಕೋರ್ಟಿನ ಟೆರಿಟರಿ ವ್ಯಾಪ್ತಿ ಮುಗಿದಿತ್ತು. ಹಾಸಿಗೆ ಹಿಡಿದಿದ್ದ ಪಾರ್ಕರ್ ಅಂದು ಕೋರ್ಟಿಗೆ ಬರಲಾಗಲಿಲ್ಲ. ಶಿಕ್ಷೆ ತಪ್ಪದೆ ಆಗುವುದಾದರೆ ಗಲ್ಲು ತೆಗೆದುಹಾಕಲು ತಮ್ಮ ಒಪ್ಪಿಗೆಯಿದೆ ಎಂದು ಆ ದಿನಗಳಲ್ಲೇ ಅವರು ಪತ್ರಿಕೆಯೊಂದಕ್ಕೆ ಹೇಳಿದ್ದರು. ನವೆಂಬರ್ 17ರಂದು ತೀರಿಕೊಂಡರು.